ಪ್ರಕೃತಿಯೆಂಬ ಕಾಯಂ ಆರೋಪಿ

ಯಾವ ದೇಶದಲ್ಲಿ ಯಾವ ದುರಂತ ಸಂಭವಿಸಿದರೂ ಆರೋಪಿಯ ಹೆಸರು ಮೊದಲ ಪತ್ರಿಕಾ ಹೇಳಿಕೆಯಲ್ಲೇ ಸಿದ್ಧವಾಗಿರುತ್ತದೆ. ನೀರು ಇನ್ನೂ ಇಳಿದಿರುವುದಿಲ್ಲ, ಅವಶೇಷಗಳಡಿ ಸಿಲುಕಿದವರ ಲೆಕ್ಕ ಸಿಕ್ಕಿರುವುದಿಲ್ಲ, ಆದರೆ ತಪ್ಪಿತಸ್ಥರು ಯಾರೆಂಬ ಪ್ರಶ್ನೆ ಮಾತ್ರ ಇತ್ಯರ್ಥವಾಗಿಬಿಟ್ಟಿರುತ್ತದೆ: ಎಲ್ಲವೂ ಪ್ರಕೃತಿಯ ಕೈವಾಡ. ಇಷ್ಟು ಅನುಕೂಲದ ಆರೋಪಿ ನ್ಯಾಯಾಂಗದ ಇತಿಹಾಸದಲ್ಲಿ ಇನ್ನೊಬ್ಬರಿರಲಾರರು. ಪ್ರಕೃತಿ ವಕೀಲರನ್ನು ನೇಮಿಸಿಕೊಳ್ಳುವುದಿಲ್ಲ, ಮರುದಿನ ಪತ್ರಿಕಾಗೋಷ್ಠಿ ಕರೆದು ಸ್ಪಷ್ಟೀಕರಣ ಕೊಡುವುದಿಲ್ಲ, ಮಾನನಷ್ಟ ಮೊಕದ್ದಮೆ ಹೂಡುವುದಿಲ್ಲ. ನದಿಯ ಪಾತ್ರದಲ್ಲಿ ಬಡಾವಣೆ ಎಬ್ಬಿಸಲು ಪರವಾನಗಿ ಕೊಟ್ಟವರು ಯಾರು, ಕಂಬಿಯಿಲ್ಲದ ಕಾಂಕ್ರೀಟಿಗೆ ‘ಸರಿಯಿದೆ’ ಎಂದು ಸಹಿ ಹಾಕಿದವರು ಯಾರು ಎಂದು ಪಾಟೀಸವಾಲು ಮಾಡುವುದಂತೂ ಇಲ್ಲವೇ ಇಲ್ಲ. ಹೇಳಿಕೆಯ ಉಳಿದ ಭಾಗವೂ ಮೊದಲೇ ಅಚ್ಚು ಹಾಕಿಸಿಟ್ಟಂತಿರುತ್ತದೆ: ‘ಕಂಡು ಕೇಳರಿಯದ’, ‘ಊಹೆಗೂ ನಿಲುಕದ’, ‘ಶತಮಾನದಲ್ಲೇ ಮೊದಲ’. ತಾರೀಖು ಮತ್ತು ಸ್ಥಳ ತುಂಬಿಸಲು ಒಂದಿಷ್ಟು ಖಾಲಿ ಜಾಗ ಬಿಟ್ಟರೆ ಸಾಕು.

ಈ ವಿಷಯದಲ್ಲಿ ತಜ್ಞರು ಹೇಳುವ ಲೆಕ್ಕ ಶಾಲೆಯ ಮಕ್ಕಳಿಗೂ ಅರ್ಥವಾಗುವಷ್ಟು ಸರಳವಾದುದು. ಅದು ಜಾರಿಗೆ ಬಾರದಿರಲು ಬಹುಶಃ ಅದೇ ಕಾರಣ. ವಿಪತ್ತಿನ ಅಪಾಯವೆಂಬುದು ಮೂರು ಸಂಗತಿಗಳ ಗುಣಲಬ್ಧವಿದ್ದಂತೆ. ಭೂಕಂಪ, ಚಂಡಮಾರುತ, ನೆರೆ, ವಿಷಾನಿಲದಂತಹ ಹಾನಿಕಾರಕ ವಿದ್ಯಮಾನ ಮೊದಲನೆಯದು. ಅದರ ದಾರಿಯಲ್ಲಿ ಎಷ್ಟು ಜನ, ಎಷ್ಟು ಮನೆ, ಎಷ್ಟು ಶಾಲೆಗಳಿವೆ ಎಂಬುದು, ಅಂದರೆ ಒಡ್ಡಿಕೊಳ್ಳುವಿಕೆ, ಎರಡನೆಯದು. ಹಾಗೆ ದಾರಿಯಲ್ಲಿರುವವರು ಏಟು ತಾಳಿಕೊಳ್ಳಲು ಎಷ್ಟು ಅಶಕ್ತರು ಎಂಬುದು, ಅಂದರೆ ದುರ್ಬಲತೆ, ಮೂರನೆಯದು. ಇವುಗಳಲ್ಲಿ ಒಂದು ಸೊನ್ನೆಯಾದರೂ ಒಟ್ಟು ಲೆಕ್ಕ ಸೊನ್ನೆಯೇ. ನರಪಿಳ್ಳೆಯಿಲ್ಲದ ಮರುಭೂಮಿಯಲ್ಲಿ ಭೂಮಿ ಎಷ್ಟು ಜೋರಾಗಿ ನಡುಗಿದರೂ ಅದು ಭೂಕಂಪಮಾಪಕಕ್ಕೆ ಸಿಕ್ಕ ಕೆಲಸವೇ ಹೊರತು ವಿಪತ್ತಲ್ಲ. ಮೂರರಲ್ಲಿ ಮೊದಲನೆಯದು ಬಹುಪಾಲು ನಮ್ಮ ಕೈಯಲ್ಲಿಲ್ಲ. ಉಳಿದೆರಡು ಪೂರ್ತಿಯಾಗಿ ನಮ್ಮ ಕೈಯಲ್ಲೇ ಇವೆ. ಹೀಗಿರುವಾಗ ಜವಾಬ್ದಾರಿಯುತ ಸ್ಥಾನದಲ್ಲಿರುವವರು ತಮ್ಮ ಸಂಪೂರ್ಣ ಗಮನವನ್ನು ಮೊದಲನೆಯದರ ಮೇಲೆ ಕೇಂದ್ರೀಕರಿಸುವುದು ಸಹಜವೇ. ಕೈಯಲ್ಲಿಲ್ಲದ ವಿಷಯಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲವಲ್ಲ!

2010ರ ವರ್ಷವು ಈ ಲೆಕ್ಕವನ್ನು ಇಡೀ ಜಗತ್ತಿನ ಎದುರು ಕರಿಹಲಗೆಯ ಮೇಲೆ ಬರೆದು ತೋರಿಸಿತು. ಜನವರಿ 12ರಂದು ಹೈಟಿಯಲ್ಲಿ 7.0 ಪ್ರಮಾಣದ ಭೂಕಂಪವಾಯಿತು. ಫೆಬ್ರುವರಿ 27ರಂದು ಚಿಲಿಯಲ್ಲಿ 8.8 ಪ್ರಮಾಣದ ಭೂಕಂಪವಾಯಿತು. ಎರಡನೆಯದು ಬಿಡುಗಡೆ ಮಾಡಿದ ಶಕ್ತಿ ಮೊದಲನೆಯದಕ್ಕಿಂತ ಸುಮಾರು 500 ಪಟ್ಟು ಹೆಚ್ಚು. ಚಿಲಿಯಲ್ಲಿ ಸತ್ತವರ ಸಂಖ್ಯೆ ಐನೂರರ ಆಸುಪಾಸು; ಹೈಟಿಯಲ್ಲಿ ಅತ್ಯಂತ ಜಿಪುಣ ಅಂದಾಜುಗಳ ಪ್ರಕಾರವೂ ಹತ್ತಾರು ಸಾವಿರ, ಅಲ್ಲಿನ ಸರ್ಕಾರದ ಪ್ರಕಾರ ಮೂರು ಲಕ್ಷಕ್ಕೂ ಹೆಚ್ಚು. ಕೊಲ್ಲುವುದು ಭೂಮಿಯೇ ಆಗಿದ್ದರೆ ಈ ಸಂಖ್ಯೆಗಳು ಅದಲುಬದಲಾಗಿರಬೇಕಿತ್ತು. ಚಿಲಿಯಲ್ಲಿ ಕಟ್ಟಡ ನಿಯಮಗಳಿದ್ದವು, ಮೇಲಾಗಿ ಅವು ಪುಸ್ತಕದಿಂದ ಹೊರಗೂ ಇದ್ದವು. ಆದರೂ ಎರಡೂ ಘಟನೆಗಳನ್ನು ‘ನೈಸರ್ಗಿಕ ವಿಕೋಪ’ ಎಂಬ ಒಂದೇ ಕಪಾಟಿನಲ್ಲಿಟ್ಟು ಬೀಗ ಹಾಕುವ ಪದ್ಧತಿಗೆ ಕಿಂಚಿತ್ತೂ ಧಕ್ಕೆಯಾಗಲಿಲ್ಲ.

ಇದೇನು ಹೊಸ ಸಂಶೋಧನೆಯೇ ಎಂದರೆ ಅದೂ ಅಲ್ಲ. 1755ರ ನವೆಂಬರ್ 1ರಂದು ಲಿಸ್ಬನ್ ನಗರವು ಭೂಕಂಪ, ಸುನಾಮಿ ಮತ್ತು ಬೆಂಕಿ ಈ ಮೂರಕ್ಕೂ ಒಟ್ಟಿಗೆ ಸಿಕ್ಕಿ ನಾಶವಾದಾಗ ಯೂರೋಪಿನ ಪಂಡಿತರೆಲ್ಲ ದೇವರು ಹೀಗೇಕೆ ಮಾಡಿದನೆಂದು ತಲೆಕೆಡಿಸಿಕೊಂಡು ಕೂತಿದ್ದರು. ಮರುವರ್ಷದ ಆಗಸ್ಟ್‌ನಲ್ಲಿ ರೂಸೋ ಎಂಬಾತ ವೋಲ್ಟೇರನಿಗೆ ಪತ್ರ ಬರೆದು, ಆರೇಳು ಅಂತಸ್ತಿನ ಇಪ್ಪತ್ತು ಸಾವಿರ ಮನೆಗಳನ್ನು ಅಲ್ಲಿ ಒತ್ತೊತ್ತಾಗಿ ಪೇರಿಸಿದ್ದು ಪ್ರಕೃತಿಯಲ್ಲ ಎಂದು ನೆನಪಿಸಿದ. ಜನ ಚದುರಿ, ಹಗುರವಾದ ಮನೆಗಳಲ್ಲಿ ವಾಸವಾಗಿದ್ದರೆ ನಷ್ಟ ಎಷ್ಟೋ ಕಡಿಮೆಯಾಗುತ್ತಿತ್ತು ಎಂದ. ಮೊದಲ ಅಲುಗಾಟಕ್ಕೇ ಓಡಿಹೋಗದೆ ಒಬ್ಬ ಬಟ್ಟೆಗೆಂದು, ಇನ್ನೊಬ್ಬ ಕಾಗದಪತ್ರಕ್ಕೆಂದು, ಮತ್ತೊಬ್ಬ ಹಣಕ್ಕೆಂದು ಒಳಗೆ ಹೋಗಿ ಸತ್ತರೆಂಬುದನ್ನೂ ಆತ ಬಿಡಲಿಲ್ಲ. ಒಡ್ಡಿಕೊಳ್ಳುವಿಕೆ, ದುರ್ಬಲತೆ ಎರಡೂ ಆ ಒಂದು ಪತ್ರದಲ್ಲಿದ್ದವು. ಕಾರ್ಯಾಗಾರ, ಪ್ರಯಾಣ ಭತ್ಯೆ, ನೆನಪಿನ ಕಾಣಿಕೆಗಳು ಮಾತ್ರ ಇರಲಿಲ್ಲ. ಅದು ಗಂಭೀರವಾಗಿ ಪರಿಗಣಿತವಾಗದಿರಲು ಇಷ್ಟು ಲೋಪ ಸಾಕಾಗಿತ್ತು.

ಆ ಲೋಪವನ್ನು ಆಧುನಿಕ ಜಗತ್ತು ಉದಾರವಾಗಿ ತುಂಬಿಕೊಟ್ಟಿದೆ. 1990ರಿಂದ 1999ರವರೆಗಿನ ಹತ್ತು ವರ್ಷಗಳನ್ನು ವಿಶ್ವಸಂಸ್ಥೆಯು ನೈಸರ್ಗಿಕ ವಿಪತ್ತುಗಳನ್ನು ತಗ್ಗಿಸುವ ದಶಕವೆಂದು ಆಚರಿಸಿತು. ನಡುವೆ 1994ರಲ್ಲಿ ಯೊಕೊಹಾಮಾದಲ್ಲಿ ವಿಶ್ವ ಸಮ್ಮೇಳನ. 2005ರಲ್ಲಿ ಹ್ಯೋಗೊದಲ್ಲಿ ಇನ್ನೊಂದು. 2015ರ ಮಾರ್ಚ್‌ನಲ್ಲಿ ಸೆಂಡೈಯಲ್ಲಿ ಮೂರನೆಯದು. ಸೆಂಡೈಯಲ್ಲಿ 187 ದೇಶಗಳು ಸೇರಿ 2030ರವರೆಗಿನ ಕಾರ್ಯಚೌಕಟ್ಟೊಂದನ್ನು ಅಂಗೀಕರಿಸಿದವು; ಅದರಲ್ಲಿ ಏಳು ಗುರಿಗಳು, ನಾಲ್ಕು ಆದ್ಯತೆಗಳು. ನಾಲ್ಕರ ಪೈಕಿ ಮೊದಲ ಆದ್ಯತೆ ವಿಪತ್ತಿನ ಅಪಾಯವನ್ನು ಅರ್ಥಮಾಡಿಕೊಳ್ಳುವುದು. ಆ ದಾಖಲೆಯನ್ನು ಬರೆದವರು ಪ್ರಾಮಾಣಿಕರೆಂಬುದರಲ್ಲಿ ನನಗೆ ಸಂಶಯವಿಲ್ಲ. ಅದರ ಮಾತುಗಳು ಹುರುಳಿನವು, ಮೂರು ಸಂಗತಿಗಳ ಲೆಕ್ಕವೂ ಅಲ್ಲೇ ಇದೆ. ತೊಂದರೆಯಿರುವುದು ಅದನ್ನು ಓದುವ ಕಚೇರಿಗಳಲ್ಲಿ. ಅರ್ಥಮಾಡಿಕೊಳ್ಳುವುದೇ ಆದ್ಯತೆಯೆಂದು ಅಧಿಕೃತವಾಗಿ ಘೋಷಣೆಯಾದ ಮೇಲೆ, ಇನ್ನೂ ಅರ್ಥವಾಗುತ್ತಿದೆ ಎಂದು ಪ್ರತಿ ವರ್ಷ ವರದಿ ಸಲ್ಲಿಸಿದರೆ ಪ್ರಗತಿ ತೃಪ್ತಿಕರವೆಂದೇ ದಾಖಲಾಗುತ್ತದೆ. ಪೂರ್ತಿ ಅರ್ಥವಾಗಿಬಿಟ್ಟರೆ ಮುಂದಿನ ಮೂರು ಆದ್ಯತೆಗಳಿಗೆ ಕೈಹಾಕಬೇಕಾಗುತ್ತದೆ, ಅವುಗಳಲ್ಲಿ ಹಣ ಹೂಡುವುದೂ ಒಂದು.

ಅರ್ಥಮಾಡಿಕೊಳ್ಳುವ ಕೆಲಸ ಎಷ್ಟು ನಿಧಾನವಾಗಿ ಸಾಗುತ್ತಿದೆ ಎಂಬುದಕ್ಕೆ ‘ನೂರು ವರ್ಷಗಳ ಪ್ರವಾಹ’ದ ಉದಾಹರಣೆಯೊಂದೇ ಸಾಕು. ಯಾವುದೇ ಒಂದು ವರ್ಷದಲ್ಲಿ ಬರುವ ಸಂಭವ ನೂರಕ್ಕೆ ಒಂದರಷ್ಟಿರುವ ಪ್ರವಾಹವನ್ನು ಜಲಶಾಸ್ತ್ರಜ್ಞರು ಹಾಗೆ ಕರೆಯುತ್ತಾರೆ. ಸಾರ್ವಜನಿಕ ವ್ಯವಹಾರದಲ್ಲಿ ಅದಕ್ಕೆ ರೈಲ್ವೆ ವೇಳಾಪಟ್ಟಿಯ ಮರ್ಯಾದೆ ಸಿಕ್ಕಿದೆ: ಹೋದ ವರ್ಷ ಬಂದು ಹೋಗಿದೆ, ಇನ್ನು ತೊಂಬತ್ತೊಂಬತ್ತು ವರ್ಷ ನಿಶ್ಚಿಂತೆ, ನಿವೇಶನ ಹಂಚಬಹುದು. ಅಂತಹ ಜಾಗದಲ್ಲಿ ಮೂವತ್ತು ವರ್ಷಗಳ ಸಾಲದ ಮೇಲೆ ಮನೆ ಕಟ್ಟಿದವರು ಸಾಲ ತೀರುವುದರೊಳಗೆ ಒಮ್ಮೆಯಾದರೂ ಆ ಪ್ರವಾಹವನ್ನು ನೋಡುವ ಸಂಭವ ಶೇ. 26ರಷ್ಟಿದೆ, ಅಂದರೆ ನಾಲ್ಕರಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ಅದೂ ಹಿಂದಿನ ಮಳೆಯ ದಾಖಲೆಗಳು ಮುಂದೆಯೂ ನಡೆಯುತ್ತವೆಂಬ ನಂಬಿಕೆಯ ಮೇಲೆ ಹಾಕಿದ ಲೆಕ್ಕ. ವಾತಾವರಣ ಬಿಸಿಯಾದಷ್ಟೂ ಹೆಚ್ಚು ತೇವಾಂಶ ಹಿಡಿದಿಟ್ಟುಕೊಂಡು ಒಮ್ಮೆಗೇ ಸುರಿಯುವ ಕಾಲದಲ್ಲಿ ಆ ನಂಬಿಕೆಯೂ ಸಡಿಲವಾಗಿದೆ. ಶೇ. 26ರಷ್ಟು ಸಂಭವವಿರುವ ಲಾಟರಿಯನ್ನು ಮಾರಿದರೆ ಜನ ಸಾಲುಗಟ್ಟಿ ನಿಂತಾರು. ನೆರೆಗೆ ಬಂದಾಗ ಮಾತ್ರ ಅದೇ ಅಂಕಿ ‘ಊಹೆಗೂ ನಿಲುಕದ’ದ್ದಾಗುತ್ತದೆ.

ಇದಕ್ಕೆ ಪರಿಹಾರವೆಂದು ಒಡ್ಡು ಕಟ್ಟುವುದುಂಟು, ಅಲ್ಲಿಂದ ಮುಂದಿನ ಕಥೆ ಇನ್ನೂ ಸೊಗಸಾಗಿದೆ. ಒಡ್ಡು ಎದ್ದ ಕೂಡಲೇ ಅದರ ಹಿಂದಿನ ತಗ್ಗು ಪ್ರದೇಶ ‘ಸುರಕ್ಷಿತ’ವಾಗುತ್ತದೆ, ಸುರಕ್ಷಿತವಾದ ಕೂಡಲೇ ಜಮೀನಿನ ಬೆಲೆ ಏರುತ್ತದೆ, ಬೆಲೆ ಏರಿದ ಕೂಡಲೇ ಕಟ್ಟಡಗಳು ಏಳುತ್ತವೆ, ಸಣ್ಣಪುಟ್ಟ ನೆರೆ ಬಾರದಿರುವುದರಿಂದ ನೆರೆಯ ನೆನಪೂ ಹೋಗುತ್ತದೆ. ಒಡ್ಡಿನ ಎತ್ತರವನ್ನು ಮೀರಿದ ನೀರು ಬಂದ ದಿನ, ಹಿಂದೆ ನೂರು ಗುಡಿಸಲುಗಳು ತೊಯ್ಯುತ್ತಿದ್ದಲ್ಲಿ ಈಗ ಒಂದು ನಗರವೇ ಮುಳುಗುತ್ತದೆ. ಪ್ರವಾಹ ದೈವದ ಕೆಲಸವಿರಬಹುದು, ಆದರೆ ಪ್ರವಾಹದ ನಷ್ಟ ಬಹುಮಟ್ಟಿಗೆ ಮನುಷ್ಯರ ಕೆಲಸ ಎಂಬರ್ಥದ ಮಾತನ್ನು ಅಮೆರಿಕದ ಭೂಗೋಳಶಾಸ್ತ್ರಜ್ಞ ಗಿಲ್ಬರ್ಟ್ ವೈಟ್ 1945ರಷ್ಟು ಹಿಂದೆಯೇ ಬರೆದಿದ್ದರು. ಅಂದಿನಿಂದ ಒಡ್ಡುಗಳು ಒಡೆದಾಗಲೆಲ್ಲ ಅವರನ್ನು ಗೌರವದಿಂದ ಉಲ್ಲೇಖಿಸಿ, ಇನ್ನೂ ಎತ್ತರದ ಒಡ್ಡಿಗೆ ಟೆಂಡರ್ ಕರೆಯಲಾಗುತ್ತಿದೆ.

ಅಪಾಯವನ್ನು ಅಂದಾಜು ಮಾಡಲು ಕಚೇರಿಗಳಲ್ಲಿ ಬಣ್ಣಬಣ್ಣದ ಚೌಕಗಳ ಕೋಷ್ಟಕವೊಂದಿರುತ್ತದೆ. ಅಡ್ಡಕ್ಕೆ ಸಂಭವ, ಉದ್ದಕ್ಕೆ ಪರಿಣಾಮ. ಎರಡಕ್ಕೂ ಒಂದರಿಂದ ಐದರವರೆಗೆ ಅಂಕ. ಗುಣಿಸಿದರೆ ಬಂದದ್ದು ಅಪಾಯ. ನೋಡಲು ಇದು ವಿಜ್ಞಾನದಂತೆಯೇ ಇದೆ. ಆದರೆ ಹತ್ತಿರದಿಂದ ನೋಡಿ: ಬಲು ಅಪರೂಪಕ್ಕೆ ಆಗುವ, ಆದರೆ ಆದಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಳ್ಳುವ ಸ್ಥಾವರದ ಸ್ಫೋಟಕ್ಕೆ ಒಂದು ಗುಣಿಸು ಐದು, ಅಂದರೆ ಐದು; ದಿನವೂ ಆಗುವ, ಯಾರಿಗೂ ಏನೂ ಆಗದ ಮೆಟ್ಟಿಲ ಮೇಲಿನ ಮುಗ್ಗರಿಸುವಿಕೆಗೆ ಐದು ಗುಣಿಸು ಒಂದು, ಅದೂ ಐದು. ಎರಡೂ ಎದುರುಬದುರು ಮೂಲೆಗಳ ಹಸಿರು ಚೌಕಗಳಲ್ಲಿ ಸಮಾನ ಗೌರವದಿಂದ ಕುಳಿತಿರುತ್ತವೆ, ಮೆಟ್ಟಿಲಿಗೆ ರಬ್ಬರ್ ಪಟ್ಟಿ ಹಾಕಿಸಿ ‘ಅಪಾಯ ತಗ್ಗಿಸುವ ಕ್ರಮ ಕೈಗೊಳ್ಳಲಾಗಿದೆ’ ಎಂದು ಬರೆಯಲಾಗುತ್ತದೆ. ಯಾವುದಾದರೂ ಚೌಕ ತಪ್ಪಿ ಕೆಂಪಾಗಿದ್ದರೆ ಸಂಭವದ ಅಂಕವನ್ನು ನಾಲ್ಕರಿಂದ ಎರಡಕ್ಕೆ ಇಳಿಸಬಹುದು. ಒಡ್ಡು ಕಟ್ಟುವುದಕ್ಕಿಂತ, ಜನರನ್ನು ಸ್ಥಳಾಂತರಿಸುವುದಕ್ಕಿಂತ ಇದು ಎಷ್ಟೋ ಅಗ್ಗದ ಕಾಮಗಾರಿ.

ಚೌಕಗಳು ಅಗತ್ಯಕ್ಕೆ ತಕ್ಕಂತೆ ಬಣ್ಣ ಬದಲಿಸಬಲ್ಲವು ಎಂಬುದಕ್ಕೆ ಫುಕುಶಿಮಾ ಅಣುಸ್ಥಾವರದ ಕಡತಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. 5.7 ಮೀಟರ್ ಎತ್ತರದ ಸುನಾಮಿಗೆ ಸಿದ್ಧವಾಗಿದ್ದ ಆ ಸ್ಥಾವರಕ್ಕೆ 15.7 ಮೀಟರ್‌ವರೆಗೂ ನೀರು ಬರಬಹುದೆಂಬ ಲೆಕ್ಕ 2008ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿಯೊಳಗೇ ತಯಾರಾಗಿತ್ತು. ಲೆಕ್ಕವನ್ನು ಇನ್ನಷ್ಟು ಅಧ್ಯಯನಕ್ಕೆ ಕಳಿಸಲಾಯಿತು. ಅಧ್ಯಯನ ಮುಗಿಯುವ ಮುನ್ನ, 2011ರ ಮಾರ್ಚ್ 11ರಂದು, ನೀರು ಬಂತು. ಆಗ ಕೇಳಿಬಂದ ವಿವರಣೆ ಇದು ಕಲ್ಪನೆಗೂ ಮೀರಿದ್ದೆಂಬುದು. ಕಲ್ಪನೆ ಲೆಕ್ಕದ ಹಾಳೆಯ ಮೇಲಿತ್ತು, ಪುಟಸಂಖ್ಯೆ ಸಮೇತ. ಇದು ಮಾನವನಿರ್ಮಿತ ದುರಂತವೆಂದು ಜಪಾನಿನ ಸಂಸತ್ತು ನೇಮಿಸಿದ್ದ ಸ್ವತಂತ್ರ ಆಯೋಗ 2012ರಲ್ಲಿ ಬಿಡಿಸಿ ಹೇಳಿತು.

ಇಷ್ಟೆಲ್ಲ ಗೊಂದಲಕ್ಕೆ ಇನ್ನೊಂದು ಕಾರಣವಿದೆ, ಅದು ಆಡಳಿತದ ಅನುಕೂಲಕ್ಕೆಂದು ಮಾಡಿಕೊಂಡ ವಿಂಗಡಣೆ. ಪರಿಸರ ಅಪಾಯವೆಂಬುದು ಒಂದು ಇಲಾಖೆಯ ಕಡತ. ಅಲ್ಲಿ ಮಾಲಿನ್ಯ, ತ್ಯಾಜ್ಯ, ಅಂತರ್ಜಲ, ಕಾಡು ಇತ್ಯಾದಿಗಳನ್ನು ದಶಮಾಂಶದಲ್ಲಿ ಅಳೆದು ‘ನಗಣ್ಯ’ ಎಂದು ಬರೆಯುವುದು ಕೆಲಸ. ವಿಪತ್ತಿನ ಅಪಾಯ ಇನ್ನೊಂದು ಇಲಾಖೆಯ ಕಡತ. ಅಲ್ಲಿ ಹೆಣಗಳನ್ನು ಎಣಿಸಿ ಪರಿಹಾರದ ಚೆಕ್ಕು ಹಂಚುವುದು ಕೆಲಸ. ನಾವು ಪರಿಸರಕ್ಕೆ ಮಾಡುವುದು ಮೊದಲ ಕಡತದಲ್ಲಿ, ಪರಿಸರದ ದಾರಿಯಿಂದ ಅದು ನಮಗೇ ಮರಳಿ ಬರುವುದು ಎರಡನೆಯ ಕಡತದಲ್ಲಿ. ಇಳಿಜಾರಿನ ಕಾಡು ಕಡಿದ ದಿನ ಅದು ಪರಿಸರದ ವಿಷಯ, ಅದೇ ಇಳಿಜಾರು ಜಾರಿ ಬಿದ್ದ ದಿನ ವಿಪತ್ತಿನ ವಿಷಯ. ನಡುವಿನ ವರ್ಷಗಳಲ್ಲಿ ಅದು ಯಾರ ವಿಷಯವೂ ಅಲ್ಲ.

ವೇಲ್ಸ್‌ನ ಅಬರ್‌ಫಾನ್ ಎಂಬ ಗಣಿಗ್ರಾಮದಲ್ಲಿ ಈ ವಿಂಗಡಣೆಯ ಪೂರ್ಣರೂಪ ಕಾಣುತ್ತದೆ. ಅಲ್ಲಿನ ಕಲ್ಲಿದ್ದಲು ಗಣಿಯ ತ್ಯಾಜ್ಯವನ್ನು ಹಳ್ಳಿಯ ಮೇಲಿನ ಗುಡ್ಡದಲ್ಲಿ ರಾಶಿ ಹಾಕುತ್ತಿದ್ದರು. ಏಳನೆಯ ಸಂಖ್ಯೆಯ ರಾಶಿಯನ್ನು ನೀರಿನ ಸೆಲೆಯೊಂದರ ಮೇಲೆಯೇ ಪೇರಿಸಲಾಗಿತ್ತು. ಶಾಲೆಯ ಹಿಂದೆ ಕಲ್ಲಿದ್ದಲಿನ ಕೆಸರು ಸುರಿಯುವುದರಿಂದ ಅಪಾಯವಿದೆ ಎಂದು ಸ್ಥಳೀಯ ಎಂಜಿನಿಯರೊಬ್ಬರು 1963ರಲ್ಲೇ ಪತ್ರ ಬರೆದಿದ್ದರು. ವಿಷಯ ಪರಿಸರದ್ದು, ಆದ್ದರಿಂದ ಪತ್ರ ಕಡತದಲ್ಲಿತ್ತು. 1966ರ ಅಕ್ಟೋಬರ್ 21ರ ಬೆಳಿಗ್ಗೆ 9.15ರ ಹೊತ್ತಿಗೆ ರಾಶಿ ಕುಸಿದು ಶಾಲೆಯ ಮೇಲೆ ಬಂತು. 116 ಮಕ್ಕಳು, 28 ವಯಸ್ಕರು ಸತ್ತರು. ಆ ಕ್ಷಣದಿಂದ ವಿಷಯ ವಿಪತ್ತಿನದಾಯಿತು. ಗಣಿ ನಡೆಸುತ್ತಿದ್ದ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿಯ ಅಧ್ಯಕ್ಷರು, ಗುಡ್ಡದೊಳಗೆ ಗೊತ್ತಿಲ್ಲದ ನೈಸರ್ಗಿಕ ಸೆಲೆಗಳಿದ್ದವೆಂದು ಹೇಳಿಕೆ ಕೊಟ್ಟರು. ಸೆಲೆಗಳು ಹಳ್ಳಿಯವರಿಗೆಲ್ಲ ಗೊತ್ತಿದ್ದವು, ನಕ್ಷೆಗಳಲ್ಲೂ ಗುರುತಾಗಿದ್ದವು. ವಿಚಾರಣಾ ಮಂಡಳಿ ಎಲ್ಲ ಹೊಣೆಯನ್ನೂ ಕಲ್ಲಿದ್ದಲು ಮಂಡಳಿಯ ಮೇಲೆ ಹೊರಿಸಿತು. ಒಬ್ಬರ ಮೇಲೂ ಮೊಕದ್ದಮೆಯಾಗಲಿಲ್ಲ, ಒಬ್ಬರ ಕೆಲಸವೂ ಹೋಗಲಿಲ್ಲ. ಉಳಿದ ರಾಶಿಗಳನ್ನು ತೆಗೆಸಿ ಎಂದು ಹಳ್ಳಿಯವರು ಅಂಗಲಾಚಿದಾಗ, ಸಂತ್ರಸ್ತರಿಗೆಂದು ಜನ ದಾನ ಕೊಟ್ಟಿದ್ದ ನಿಧಿಯಿಂದಲೇ ಆ ಕೆಲಸಕ್ಕೆ 1,50,000 ಪೌಂಡ್ ವಸೂಲು ಮಾಡಲಾಯಿತು. 1997ರಲ್ಲಿ ಆ ಹಣ ಮರಳಿ ಬಂತು, ಬಡ್ಡಿಯಿಲ್ಲದೆ. ವಿಡಂಬನಕಾರ ಇದಕ್ಕೆ ಸೇರಿಸಬಹುದಾದ್ದು ಏನೂ ಇಲ್ಲ. ಸುಮ್ಮನೆ ನಕಲು ಮಾಡಿ ಬರೆದರೆ ಸಾಕು.

ಅಬರ್‌ಫಾನಿನಲ್ಲಿ ಕನಿಷ್ಠ 9.15 ಎಂಬ ಒಂದು ಗಳಿಗೆಯಿತ್ತು. ಗಳಿಗೆಯೇ ಇಲ್ಲದ ಅಪಾಯಗಳ ಪಾಡು ಇನ್ನೂ ಕಷ್ಟ. 1920ರ ದಶಕದಲ್ಲಿ ಪೆಟ್ರೋಲಿಗೆ ಸೀಸ ಬೆರೆಸಲು ಶುರುಮಾಡಿದ ಜಗತ್ತು ಅದನ್ನು ವಾಹನಗಳಿಂದ ಪೂರ್ತಿಯಾಗಿ ಕೈಬಿಟ್ಟದ್ದು 2021ರಲ್ಲಿ. ಸೀಸವು ವಿಷವೆಂಬುದು ಬೆರೆಸುವ ಮೊದಲೇ ಗೊತ್ತಿತ್ತು. ತಲೆಮಾರುಗಟ್ಟಲೆ ಮಕ್ಕಳ ಮಿದುಳಿಗೆ ಪೆಟ್ಟು ಬಿದ್ದರೂ, ಅದು ‘ಸಂಭವಿಸಿದ’ ದಿನವೆಂದು ಒಂದು ತಾರೀಖಿಲ್ಲ, ಗಣ್ಯರು ಹೆಲಿಕಾಪ್ಟರಿನಲ್ಲಿ ಕುಳಿತು ವೀಕ್ಷಿಸಬಹುದಾದ ಜಾಗವಿಲ್ಲ, ಹೀಗಾಗಿ ವಿಪತ್ತೆಂಬ ಪದವಿ ಅದಕ್ಕೆ ಸಿಗಲಿಲ್ಲ. 2003ರ ಬೇಸಿಗೆಯಲ್ಲಿ ಯೂರೋಪಿನಲ್ಲಿ ಬಿಸಿಲಿನ ಝಳಕ್ಕೆ ಸತ್ತವರು 70,000ಕ್ಕೂ ಹೆಚ್ಚೆಂಬ ಅಂದಾಜಿದೆ. ಒಂದು ಗೋಡೆಯೂ ಬೀಳಲಿಲ್ಲ. ಸತ್ತವರಲ್ಲಿ ಹೆಚ್ಚಿನವರು ವೃದ್ಧರು, ಅವರಲ್ಲೂ ಎಷ್ಟೋ ಮಂದಿ ಮುಚ್ಚಿದ ಕೋಣೆಗಳಲ್ಲಿ ಒಂಟಿಯಾಗಿದ್ದವರು. ಬಿದ್ದ ಗೋಡೆಯಿಲ್ಲದ ಮೇಲೆ ಕ್ಯಾಮೆರಾ ಏನನ್ನು ತೋರಿಸಬೇಕು?

ಹಾಗಾದರೆ ಯಾರೂ ಏನನ್ನೂ ಮಾಡಿಲ್ಲವೇ ಎಂದು ಕೇಳಿದರೆ, ಮಾಡಿದ್ದಾರೆ. ಇಂದಿನ ಬಾಂಗ್ಲಾದೇಶದ ಕರಾವಳಿಗೆ 1970ರಲ್ಲಿ ಅಪ್ಪಳಿಸಿದ ಚಂಡಮಾರುತಕ್ಕೆ ಕನಿಷ್ಠ ಮೂರು ಲಕ್ಷ ಜನ ಸತ್ತಿದ್ದರು. 1991ರಲ್ಲಿ ಸುಮಾರು 1.4 ಲಕ್ಷ, 2007ರ ‘ಸಿಡರ್’ ಚಂಡಮಾರುತದಲ್ಲಿ ಸುಮಾರು 3,400. ಸಮುದ್ರ ಅದೇ, ತಗ್ಗು ನೆಲವೂ ಅದೇ, ಜನಸಂಖ್ಯೆ ಮಾತ್ರ ಈ ನಡುವೆ ದುಪ್ಪಟ್ಟಾಗಿತ್ತು. ಬದಲಾದದ್ದು ಧ್ವನಿವರ್ಧಕ ಹಿಡಿದು ಮನೆಮನೆಗೆ ಹೋಗುವ ಸಾವಿರಾರು ಸ್ವಯಂಸೇವಕರು, ಕಂಬಗಳ ಮೇಲೆ ನಿಂತ ಕಾಂಕ್ರೀಟ್ ಆಶ್ರಯಗಳು, ಹೊತ್ತಿಗೆ ಸರಿಯಾಗಿ ತಲುಪುವ ಮುನ್ಸೂಚನೆ. ಗಾಳಿಯ ವೇಗವನ್ನು ಒಂದು ಕಿಲೋಮೀಟರಿನಷ್ಟೂ ತಗ್ಗಿಸದೆ ಅಪಾಯವನ್ನು ತಗ್ಗಿಸಿದ ಈ ಕೆಲಸಕ್ಕೆ ಸಿಗಬೇಕಾದ ಮೆಚ್ಚುಗೆ ಎಲ್ಲೂ ಸಿಗುವುದಿಲ್ಲ, ಏಕೆಂದರೆ ಆಗದೇ ಹೋದ ಸಾವಿನ ಫೋಟೊ ತೆಗೆಯಲು ಬರುವುದಿಲ್ಲ. ದೋಣಿಯಲ್ಲಿ ನಿಂತು ಪೊಟ್ಟಣ ಎಸೆಯುವ ಮಂತ್ರಿ ಜನನಾಯಕ. ಮೂರು ದಿನ ಮೊದಲೇ ಜನರನ್ನು ಬಸ್ಸು ಹತ್ತಿಸಿದ ಅಧಿಕಾರಿ ದುಂದುಗಾರ.

ಅಂತಹ ಅಧಿಕಾರಿಯೊಬ್ಬರಿಗೆ ಯಾವುದೇ ದೇಶದ ಮೇಲಿನ ಕಚೇರಿಯಿಂದ ಬರಬಹುದಾದ ಪತ್ರವನ್ನು ಊಹಿಸಲು ದಿವ್ಯದೃಷ್ಟಿ ಬೇಕಿಲ್ಲ. “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮಗೆ ತಿಳಿಯಪಡಿಸುವುದೇನೆಂದರೆ, ಸದರಿ ಚಂಡಮಾರುತದಲ್ಲಿ ಯಾವುದೇ ಪ್ರಾಣಹಾನಿ ವರದಿಯಾಗಿಲ್ಲದಿರುವುದರಿಂದ, ಜನರ ಸ್ಥಳಾಂತರಕ್ಕೆಂದು ತಾವು ಮಾಡಿರುವ ವೆಚ್ಚದ ಅವಶ್ಯಕತೆ ಮೇಲ್ನೋಟಕ್ಕೆ ಕಂಡುಬರುವುದಿಲ್ಲ. ಈ ಬಗ್ಗೆ ಏಳು ದಿನಗಳೊಳಗಾಗಿ ಲಿಖಿತ ಸಮಜಾಯಿಷಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಹೇಳಿಕೆ ಏನೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು. ಇನ್ನು ಮುಂದೆ ಇಂತಹ ಸಂದರ್ಭಗಳಲ್ಲಿ, ಚಂಡಮಾರುತದಿಂದ ಉಂಟಾದ ಹಾನಿಯ ದೃಢೀಕೃತ ವರದಿಯನ್ನು ಮೂರು ಪ್ರತಿಗಳಲ್ಲಿ ಲಗತ್ತಿಸಿ, ಸ್ಥಳಾಂತರಕ್ಕೆ ಪೂರ್ವಾನುಮತಿ ಪಡೆಯತಕ್ಕದ್ದು.”